‘ಆಭಾ ಮಾಡಿಸಿದ್ದೀರಾ?’: ಮನೆಯ ವಾಟ್ಸಾಪ್ ಗುಂಪಿನ ಒಂದು ಸಂಜೆಯ ಜಗಳ

ಗುಂಪಿನ ಹೆಸರು: ನಮ್ಮ ಮನೆತನ
ವಿವರಣೆ (ದೊಡ್ಡಪ್ಪ ಬರೆದದ್ದು): ಕನ್ನಡದಲ್ಲಿ, ಪೂರ್ಣ ವಾಕ್ಯಗಳಲ್ಲಿ ಬರೆಯತಕ್ಕದ್ದು. ಶುಭೋದಯದ ಹೂವುಗಳನ್ನು ಹಾಕಬಾರದು.

ದೊಡ್ಡಪ್ಪ, ಮೈಸೂರು (ಫಾರ್ವರ್ಡ್ ಮಾಡಿದ ಸಂದೇಶ): ಎಲ್ಲರೂ ಕೂಡಲೇ 14 ಅಂಕಿಯ ಆಭಾ ಕಾರ್ಡ್ ಮಾಡಿಸಿಕೊಳ್ಳಿ. 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ನಿಮ್ಮ ಎಲ್ಲ ವೈದ್ಯಕೀಯ ದಾಖಲೆಗಳೂ ಒಂದೇ ಕಡೆ. ಹತ್ತು ಜನರಿಗೆ ತಿಳಿಸಿ.

ದೊಡ್ಡಪ್ಪ, ಮೈಸೂರು: ನನ್ನದು ಆಗಿದೆ. ಈ ಭಾನುವಾರದೊಳಗೆ ಗುಂಪಿನಲ್ಲಿರುವ ಅರವತ್ತು ದಾಟಿದವರೆಲ್ಲರೂ ಮಾಡಿಸಿಕೊಂಡು ಇಲ್ಲಿ ತಿಳಿಸಬೇಕು. ಮುಖ್ಯವಾಗಿ ಶಿವಮೊಗ್ಗದವರು.

ಡಾಕ್ಟರ್ ಅಕ್ಕ: ಅಪ್ಪ, ನೀವು ಕಳುಹಿಸಿದ ಸಂದೇಶದಲ್ಲಿ ಎರಡು ಬೇರೆ ಬೇರೆ ಯೋಜನೆಗಳನ್ನು ಕಲಸಿಬಿಟ್ಟಿದ್ದಾರೆ. 5 ಲಕ್ಷ ರೂಪಾಯಿಯ ಮಾತು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯದು. ಅದಕ್ಕೆ ಅರ್ಹತೆಯ ನಿಯಮಗಳಿವೆ. ಆಭಾ ಎಂಬುದು 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಜಾರಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಆರೋಗ್ಯ ಖಾತೆ. ಅದರಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಉಚಿತವಾಗಿ ಸಿಗುವುದಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರುವವರಲ್ಲಿ ಎಷ್ಟೋ ಮಂದಿ ಆಭಾ ಕಾರ್ಡನ್ನು ಲ್ಯಾಮಿನೇಷನ್ ಮಾಡಿಸಿಕೊಂಡು ಬಂದು, ಬಿಲ್ ಕಟ್ಟಬೇಕಾಗಿ ಬಂದಾಗ ಕೌಂಟರಿನವರೊಡನೆ ಜಗಳವಾಡುತ್ತಾರೆ. ದಯವಿಟ್ಟು ಆ ಫಾರ್ವರ್ಡನ್ನು ಅಳಿಸಿ.

ದೊಡ್ಡಪ್ಪ, ಮೈಸೂರು: ಅಳಿಸಲು ಹೋದರೆ ‘ನನಗೆ ಮಾತ್ರ’ ಎಂದಷ್ಟೇ ತೋರಿಸುತ್ತಿದೆ. ಇರಲಿ. ದಾಖಲೆಯ ಮಾತಂತೂ ನಿಜ ತಾನೆ?

ಡಾಕ್ಟರ್ ಅಕ್ಕ: ಅರ್ಧ ನಿಜ. ದಾಖಲೆಗಳು ದೆಹಲಿಗೆ ಹೋಗಿ ಒಂದು ಕಡೆ ಕೂರುವುದಿಲ್ಲ. ಅವು ಆಯಾ ಆಸ್ಪತ್ರೆ, ಲ್ಯಾಬುಗಳಲ್ಲಿಯೇ ಇರುತ್ತವೆ. ನಿಮ್ಮ ಸಂಖ್ಯೆಗೆ ಅವರು ಅವನ್ನು ಜೋಡಿಸಿದರೆ ನಿಮ್ಮ ಫೋನಿನ ಆ್ಯಪ್‌ನಲ್ಲಿ ಕಾಣುತ್ತವೆ, ಮತ್ತೊಬ್ಬ ವೈದ್ಯರು ಕೇಳಿದಾಗ ನೀವು ಒಪ್ಪಿಗೆ ಕೊಟ್ಟರೆ ಅವರಿಗೂ ಕಾಣುತ್ತವೆ. ‘ಜೋಡಿಸಿದರೆ’ ಎಂಬ ಮಾತನ್ನು ಗಮನಿಸಿ. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಜನ ಆಭಾ ಬಳಸುವುದು ಬಹುಪಾಲು ಹೊರರೋಗಿ ಚೀಟಿಗಾಗಿ: ಗೋಡೆಯ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ತಾನಾಗಿ ತುಂಬಿಕೊಂಡು ಟೋಕನ್ ಸಂಖ್ಯೆ ಬರುತ್ತದೆ. ಆ ಟೋಕನ್ ಹಿಡಿದು ನನ್ನ ಕೋಣೆಗೆ ಬಂದವರಿಗೆ ನಾನು ಬರೆದುಕೊಡುವುದು ಮಾತ್ರ ಕಾಗದದ ಚೀಟಿಯಲ್ಲಿ. ಬೆಳಗಿನ ಹೊತ್ತು ನೂರರ ಆಸುಪಾಸು ರೋಗಿಗಳಿರುವಾಗ ಪ್ರತಿಯೊಬ್ಬರದನ್ನೂ ಕಂಪ್ಯೂಟರಿಗೆ ಹಾಕುತ್ತಾ ಕುಳಿತರೆ ಕೊನೆಯವರನ್ನು ಸಂಜೆಗೆ ನೋಡಬೇಕಾಗುತ್ತದೆ.

ಚಿಕ್ಕಪ್ಪ, ವಕೀಲರು: ಇದು ಹೊಸ ಕಥೆಯಲ್ಲ, ಅಣ್ಣ. ಜನ ತಮ್ಮ ಆರೋಗ್ಯದ ದಾಖಲೆಗಳನ್ನು ಅಂತರ್ಜಾಲದಲ್ಲಿ ತಾವೇ ಇಟ್ಟುಕೊಳ್ಳಲೆಂದು ಗೂಗಲ್ ಸಂಸ್ಥೆ 2008ರಲ್ಲಿ ಗೂಗಲ್ ಹೆಲ್ತ್ ಆರಂಭಿಸಿ 2012ರ ಮೊದಲ ದಿನ ಮುಚ್ಚಿತು. ಅಂಥದ್ದೇ ಆದ ಮೈಕ್ರೋಸಾಫ್ಟ್‌ನ ಹೆಲ್ತ್‌ವಾಲ್ಟ್ 2007ರಲ್ಲಿ ಹುಟ್ಟಿ 2019ರ ನವೆಂಬರ್‌ನಲ್ಲಿ ನಿಂತಿತು. ಹಣಕ್ಕೂ ಬುದ್ಧಿವಂತಿಕೆಗೂ ಕೊರತೆಯಿಲ್ಲದ ಸಂಸ್ಥೆಗಳವು. ಆದರೂ ತಮ್ಮ ರಕ್ತದೊತ್ತಡವನ್ನು ತಾವೇ ಟೈಪ್ ಮಾಡಿಕೊಂಡು ಕೂರುವ ಉತ್ಸಾಹ ಹೆಚ್ಚಿನವರಿಗೆ ಒಂದು ವಾರದ ಮೇಲೆ ಉಳಿಯಲಿಲ್ಲ. ಇನ್ನು ಭದ್ರತೆಯ ಮಾತು: 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾಗಿ ಎರಡು ವಾರದ ಹತ್ತಿರ ಎಲ್ಲವನ್ನೂ ಕೈಬರಹದಲ್ಲಿ ನಡೆಸಬೇಕಾಯಿತು. ಇಷ್ಟಾದ ಮೇಲೂ ಭಾನುವಾರದೊಳಗೆ ಎಂಬ ಅವಸರ ಯಾಕೆ?

ಅಮೆರಿಕ ಭಾವ: ಚಿಕ್ಕಮಾವ, ಅವು ಸೋತದ್ದು ಆಸ್ಪತ್ರೆಯ ಹೊರಗಿದ್ದುದರಿಂದ. ಇಲ್ಲಿ ನ್ಯೂಜೆರ್ಸಿಯಲ್ಲಿ ನನ್ನ ವೈದ್ಯರು ಬಳಸುವ ಮೈಚಾರ್ಟ್ ಎಂಬ ಆ್ಯಪ್ ಆಸ್ಪತ್ರೆಯ ಕಂಪ್ಯೂಟರಿನದೇ ಇನ್ನೊಂದು ಕಿಟಕಿ. ನಾನು ಒಂದಕ್ಷರವನ್ನೂ ತುಂಬುವುದಿಲ್ಲ. ರೋಗಿಯಿಂದ ಮಾಹಿತಿಯನ್ನು ತಡೆಹಿಡಿಯಬಾರದೆಂಬ ನಿಯಮ 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ, ಕೆಲವೊಮ್ಮೆ ವೈದ್ಯರಿಗಿಂತ ಮೊದಲೇ ನನಗೆ ಫಲಿತಾಂಶ ಕಾಣುತ್ತದೆ. ಅದು ಯಾವಾಗಲೂ ಸುಖವಲ್ಲ, ಶುಕ್ರವಾರ ರಾತ್ರಿ ಕೆಂಪು ಅಕ್ಷರದ ಅಂಕಿಯೊಂದನ್ನು ನೋಡಿ ಸೋಮವಾರದವರೆಗೆ ನಿದ್ದೆಗೆಡುವುದೂ ಉಂಟು. ಆದರೂ ನನಗೆ ಅದು ಬೇಕು. ಅಮ್ಮ ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಾಗ ಆಸ್ಪತ್ರೆಯವರು ನನಗೆ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದು. ನನಗೆ ಉತ್ತರ ಗೊತ್ತಿರಲಿಲ್ಲ. ಅಮ್ಮಾ, ನೀನು ಮಾಡಿಸಿಕೊ. ಒಟಿಪಿ ನನ್ನ ನಂಬರಿಗೆ ಬರುವಂತೆ ಮಾಡಿದರೆ ಎಲ್ಲವನ್ನೂ ನಾನೇ ಇಲ್ಲಿಂದ ನೋಡಿಕೊಳ್ಳುತ್ತೇನೆ.

ಶಿವಮೊಗ್ಗ ಅತ್ತೆ: ಬೇಡ.

ದೊಡ್ಡಪ್ಪ, ಮೈಸೂರು: ತಂಗಿ, ಪೂರ್ಣ ವಾಕ್ಯ.

ಶಿವಮೊಗ್ಗ ಅತ್ತೆ: ನನಗೆ ಅದು ಬೇಡ, ಅಣ್ಣ. ನನ್ನ ಕಾಗದಗಳು ಬೀರುವಿನಲ್ಲಿ, ಸೀರೆ ಅಂಗಡಿಯ ಬಟ್ಟೆ ಚೀಲದಲ್ಲಿ, ವರ್ಷದ ಪ್ರಕಾರ ಜೋಡಿಸಿ ಇಟ್ಟಿವೆ. ಸಕ್ಕರೆಯ ಡಾಕ್ಟರ ಬಳಿಗೆ ಹೋಗುವಾಗ ಸಕ್ಕರೆಯ ಕಾಗದ ತೆಗೆದುಕೊಂಡು ಹೋಗುತ್ತೇನೆ, ಕಣ್ಣಿನವರ ಬಳಿಗೆ ಕಣ್ಣಿನದು. ಯಾರಿಗೆ ಯಾವುದನ್ನು ತೋರಿಸಬೇಕೆಂಬುದು ನನ್ನ ಕೈಯಲ್ಲಿದೆ. ಒಟಿಪಿ ನ್ಯೂಜೆರ್ಸಿಗೆ ಹೋದರೆ ಆ ಚೀಲ ನನ್ನದಾಗಿ ಉಳಿಯುತ್ತದೆಯೇ?

ಅಮೆರಿಕ ಭಾವ: ಅಮ್ಮಾ, ನನ್ನಿಂದ ಮುಚ್ಚಿಡುವಂಥದ್ದು ಏನಿದೆ?

ಶಿವಮೊಗ್ಗ ಅತ್ತೆ: ಹೇಳುವಂಥದ್ದಾಗಿದ್ದರೆ ಹೇಳುತ್ತಿರಲಿಲ್ಲವೇ, ಮಗನೇ?

ಡಾಕ್ಟರ್ ಅಕ್ಕ: ಭಾವ, ಅದನ್ನು ಇಲ್ಲಿಗೇ ಬಿಡಿ. ಅತ್ತೆ ಕೇಳಿದ್ದು ನ್ಯಾಯವಾದ ಪ್ರಶ್ನೆ, ಮತ್ತು ಚಿಕ್ಕಪ್ಪ ಹೇಳಿದ ಹ್ಯಾಕರುಗಳಿಗಿಂತ ನನಗೆ ದೊಡ್ಡದಾಗಿ ಕಾಣುವ ಪ್ರಶ್ನೆಯೂ ಅದೇ. ವ್ಯವಸ್ಥೆಯಲ್ಲಿ ಒಪ್ಪಿಗೆಯ ಏರ್ಪಾಡು ಚೆನ್ನಾಗಿಯೇ ಇದೆ: ಯಾರು ಕೇಳುತ್ತಿದ್ದಾರೆ, ಯಾವ ಉದ್ದೇಶಕ್ಕೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ ದಾಖಲೆ, ಅನುಮತಿ ಎಂದು ಮುಗಿಯುತ್ತದೆ ಎಂಬುದೆಲ್ಲ ಪರದೆಯ ಮೇಲೆ ಬರುತ್ತದೆ, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೂ ಪಡೆಯಬಹುದು. ಆದರೆ ಇಷ್ಟೆಲ್ಲ ಬರುವುದು ಫೋನ್ ಹಿಡಿದವರ ಕಣ್ಣಿಗೆ. ನನ್ನ ಬಳಿಗೆ ಬರುವ ಎಷ್ಟೋ ಹೆಂಗಸರ ಆಧಾರ್‌ಗೆ ಜೋಡಣೆಯಾಗಿರುವುದು ಗಂಡನ ಅಥವಾ ಮಗನ ನಂಬರು. ಅಂಥವರು ಗರ್ಭನಿರೋಧಕದ ಬಗ್ಗೆಯೋ ಖಿನ್ನತೆಯ ಮಾತ್ರೆಯ ಬಗ್ಗೆಯೋ ಕೇಳುವಾಗ ‘ಇದನ್ನು ಚೀಟಿಯಲ್ಲಿ ಬರೆಯಬೇಡಿ ಡಾಕ್ಟರೇ’ ಎಂದು ಮೆಲ್ಲಗೆ ಹೇಳುತ್ತಾರೆ. ಅವರು ಆಭಾ ಮಾಡಿಸಿಕೊಳ್ಳದಿದ್ದರೆ ಅದನ್ನು ಅಜ್ಞಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಅತ್ತಿಗೆ: ನಾನು ಇದುವರೆಗೆ ಸುಮ್ಮನಿದ್ದೆ. ‘ನನ್ನದು ಆಗಿದೆ’ ಎಂದು ಮಾವ ಬರೆದಿದ್ದಾರಲ್ಲ, ಅದನ್ನು ಮಾಡಿದವಳು ನಾನು. ಒಟಿಪಿ ಬಂದದ್ದು ನಿಮ್ಮ ಮಗನ ಫೋನಿಗೆ. ಅವರು ಮೀಟಿಂಗಿನಲ್ಲಿದ್ದರು, ಮೂರನೆಯ ಸಲಕ್ಕೆ ಎತ್ತಿದರು. ಅದರ ನಂತರ ಆ್ಯಪ್ ತೆರೆದು ನೋಡಿದರೆ ಅದರಲ್ಲಿದ್ದದ್ದು ಹೆಸರು ಮತ್ತು ಭಾವಚಿತ್ರ ಮಾತ್ರ. ಹಳೆಯ ದಾಖಲೆಗಳನ್ನು ಒಂದೊಂದಾಗಿ ಫೋಟೋ ತೆಗೆದು ಏರಿಸುವ ಕೆಲಸ ಯಾರದ್ದು ಎಂದು ಈ ಗುಂಪಿನಲ್ಲಿ ಯಾರೂ ಕೇಳಲಿಲ್ಲ, ಯಾಕೆಂದರೆ ಉತ್ತರ ಎಲ್ಲರಿಗೂ ಗೊತ್ತಿದೆ.

ಅತ್ತಿಗೆ: ಆದರೂ ಏರಿಸಿದೆ, ಮತ್ತು ಏರಿಸಿದ್ದರಿಂದ ಕಂಡದ್ದನ್ನೂ ಹೇಳುತ್ತೇನೆ. ಸ್ಟೆಂಟ್ ಹಾಕಿದಾಗಿನ ಆಂಜಿಯೋಗ್ರಾಂ ಒಂದು ಸಿಡಿಯಲ್ಲಿದೆ, ಅದನ್ನು ಹಾಕಿ ನೋಡುವ ಕಂಪ್ಯೂಟರು ಈಗ ಮನೆಯಲ್ಲೂ ಇಲ್ಲ, ಬೀದಿಯ ಸೈಬರ್ ಅಂಗಡಿಯಲ್ಲೂ ಇಲ್ಲ. ಹಳೆಯ ಇಸಿಜಿ ಹಾಳೆಗಳು ಕಡತದೊಳಗೇ ಬಿಳಿಚಿಕೊಂಡಿವೆ. ಒಂದರಲ್ಲಿ ಮಾವನ ಹೆಸರು ಮಾತ್ರ ಉಳಿದಿದೆ, ಗೆರೆಯಿಲ್ಲ. ಔಷಧಿ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ಫೋಟೋ ತೆಗೆಯುವಾಗ ಇಬ್ಬರು ಡಾಕ್ಟರರು ಎರಡು ಬೇರೆ ಹೆಸರಿನಲ್ಲಿ ಬರೆದಿದ್ದದ್ದು ಒಂದೇ ಔಷಧಿ ಎಂದು ಗೊತ್ತಾಯಿತು. ಮಾವ ಎರಡನ್ನೂ ನುಂಗುತ್ತಿದ್ದರು.

ದೊಡ್ಡಪ್ಪ, ಮೈಸೂರು: ಅದನ್ನು ಇಲ್ಲಿ ಬರೆಯುವ ಅಗತ್ಯವಿರಲಿಲ್ಲ.

ಶಿವಮೊಗ್ಗ ಅತ್ತೆ: ನೋಡಿದೆಯಾ ಅಣ್ಣ, ಈಗ ನಿನಗೂ ಬೀರು ಬೇಕೆನ್ನಿಸಿತು.

ಚಿಕ್ಕಪ್ಪ, ವಕೀಲರು: ಕಾನೂನಿನ ಕಡೆಯಿಂದ ಎರಡು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನಾಮನಿರ್ದೇಶನದ ಹಕ್ಕಿದೆ, ಆದರೆ ಅದು ಚಲಾವಣೆಗೆ ಬರುವುದು ವ್ಯಕ್ತಿ ತೀರಿಕೊಂಡಾಗ ಅಥವಾ ಅಶಕ್ತರಾದಾಗ. ಗಟ್ಟಿಯಾಗಿ ಕುಳಿತುಕೊಂಡು ‘ಅರ್ಧ ತೋರಿಸುತ್ತೇನೆ, ಅರ್ಧ ತೋರಿಸುವುದಿಲ್ಲ’ ಎನ್ನುವ ನಮ್ಮಕ್ಕನಂಥವರಿಗೆ ಅದರಿಂದ ಪ್ರಯೋಜನವಿಲ್ಲ. ಇನ್ನೊಂದು, ಇದಕ್ಕೆ ಯಾವ ಆ್ಯಪ್ ಕೂಡ ಬೇಡ: ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಂದು ಆಸ್ಪತ್ರೆಯಲ್ಲಿ ನಾನು ಇದನ್ನು ಹೇಳಿದಾಗ ದಾಖಲಾತಿ ವಿಭಾಗದವರು ‘ಸಾರ್, ಮೊದಲು ಇನ್ಶೂರೆನ್ಸ್ ಫಾರ್ಮ್ ತನ್ನಿ’ ಎಂದರು. ಕಾಗದವನ್ನೇ ಕೊಡಲು ಮನಸ್ಸಿಲ್ಲದವರು ಫೋನಿಗೆ ತಾವಾಗಿ ಕಳುಹಿಸುತ್ತಾರೆಂದು ನನಗೆ ನಂಬಿಕೆಯಿಲ್ಲ.

ಅಮೆರಿಕ ಭಾವ: ಇಲ್ಲಿ ಒಂದು ಅನುಕೂಲವಿದೆ. ಮೈಚಾರ್ಟ್‌ನಲ್ಲಿ ರೋಗಿಯ ಪಾಸ್‌ವರ್ಡ್ ಪಡೆಯದೆ, ನೋಡಿಕೊಳ್ಳುವವರಿಗೆ ಅವರದೇ ಲಾಗಿನ್‌ನಿಂದ ಒಳಗೆ ಬರುವ ಅನುಮತಿ ಕೊಡಬಹುದು. ನನ್ನ ನೆರೆಯವರು ತಮ್ಮ ತಾಯಿಯದನ್ನು ಹಾಗೆಯೇ ನೋಡುತ್ತಾರೆ. ನಾನು ಅಮ್ಮನ ಒಟಿಪಿ ಕೇಳಿದ್ದು ಅಧಿಕಾರಕ್ಕಾಗಿಯಲ್ಲ; ಹನ್ನೆರಡು ಸಾವಿರ ಕಿಲೋಮೀಟರಿಗಿಂತ ದೂರದಲ್ಲಿ ಕುಳಿತವನಿಗೆ ಬೇರೆ ದಾರಿ ಕಾಣಲಿಲ್ಲ.

ಅತ್ತಿಗೆ: ಅಂಥದ್ದು ನನಗೂ ಬೇಕು. ಮಾವನ ಖಾತೆಯೊಳಗೆ ಮಾವನಂತೆ ನಟಿಸಿಕೊಂಡು ಹೋಗುವುದು ನನಗೂ ಇಷ್ಟವಿಲ್ಲ. ಒಪ್ಪಿಗೆಯ ಗುಂಡಿಯನ್ನು ಒತ್ತುವಾಗ ‘ನಾನು ಸಮ್ಮತಿಸುತ್ತೇನೆ’ ಎಂದು ಬರುತ್ತದೆ. ಯಾವ ನಾನು?

ಡಾಕ್ಟರ್ ಅಕ್ಕ: ಅತ್ತೆ, ನೀವು ಒಪ್ಪುವುದಾದರೆ ಒಂದು ಮಾತು. ಆಭಾ ಕಡ್ಡಾಯವಲ್ಲ, ಅದಿಲ್ಲವೆಂದು ಯಾವ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ಮಾಡಿಸಿಕೊಂಡರೂ ಏನನ್ನು ಏರಿಸಬೇಕು ಎಂಬುದು ನಿಮ್ಮಿಷ್ಟ. ನಾನಾಗಿದ್ದರೆ ಮೂರನ್ನು ಏರಿಸುತ್ತಿದ್ದೆ: ಈಗಿನ ಮಾತ್ರೆಗಳ ಪಟ್ಟಿ, ಕೊನೆಯ ಇಸಿಜಿ, ಮತ್ತು ನಿಮಗೆ ಸಲ್ಫಾ ಔಷಧಿ ಆಗುವುದಿಲ್ಲ ಎಂದು ಬರೆದಿರುವ ಆ ಹಳೆಯ ಚೀಟಿ. ಪ್ರಜ್ಞೆಯಿಲ್ಲದೆ ತುರ್ತು ಘಟಕಕ್ಕೆ ಬಂದವರ ಬೀರು ತೆರೆಯಲು ನಮಗೆ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಆಗ ಫೋನಿನ ಲಾಕ್ ತೆರೆಯುವುದೂ ಕಷ್ಟವೇ. ಹಾಗಾಗಿ ಅದೇ ಮೂರನ್ನು ಒಂದು ಕಾಗದದಲ್ಲಿ ಬರೆದು ಪರ್ಸಿನಲ್ಲಿಯೂ ಇಟ್ಟುಕೊಳ್ಳಿ.

ದೊಡ್ಡಪ್ಪ, ಮೈಸೂರು: ಹಾಗಾದರೆ ನನ್ನ ಫಾರ್ವರ್ಡಿನ ಅರ್ಥವೇನು ಉಳಿಯಿತು?

ಚಿಕ್ಕಪ್ಪ, ವಕೀಲರು: 14 ಅಂಕಿ ಉಳಿಯಿತು, ಅಣ್ಣ.

ಶಿವಮೊಗ್ಗ ಅತ್ತೆ: ಯೋಚಿಸಿದೆ. ಸಲ್ಫಾ ಚೀಟಿಯನ್ನು ಏರಿಸಲು ನನ್ನ ಅಡ್ಡಿಯಿಲ್ಲ. ಆದರೆ ಒಟಿಪಿ ನನ್ನ ಫೋನಿಗೆ ಬರಬೇಕು. ಆಧಾರ್‌ನಲ್ಲಿ ಈಗ ಇರುವುದು ಇವರ ಹಳೆಯ ನಂಬರು, ಆ ಸಿಮ್ ನಿಂತೇ ಹೋಗಿದೆ. ಸೋಮವಾರ ಪ್ರಧಾನ ಅಂಚೆ ಕಚೇರಿಗೆ ಹೋಗಿ ನನ್ನ ನಂಬರು ಸೇರಿಸಿಸುತ್ತೇನೆ. ಚೀಟಿಯ ಫೋಟೋವನ್ನು ಪಕ್ಕದ ಮನೆಯ ಹುಡುಗಿ ತೆಗೆದುಕೊಡುತ್ತಾಳೆ. ಉಳಿದ ಕಾಗದಗಳು ಇರುವಲ್ಲಿಯೇ ಇರುತ್ತವೆ.

ಅಮೆರಿಕ ಭಾವ: ಮಾತ್ರೆಗಳ ಪಟ್ಟಿಯನ್ನಾದರೂ ನನಗೆ ಕಳುಹಿಸು, ಅಮ್ಮಾ. ಆ್ಯಪ್ ಬೇಡ, ಕೈಯಲ್ಲಿ ಬರೆದು ಫೋಟೋ ಸಾಕು.

ಶಿವಮೊಗ್ಗ ಅತ್ತೆ: ಕಳುಹಿಸುತ್ತೇನೆ. ಗುಂಪಿಗಲ್ಲ, ನಿನಗೆ.

ಅತ್ತಿಗೆ: ಮಾವ, ಸೋಮವಾರ ನಾವೂ ಅಂಚೆ ಕಚೇರಿಗೆ ಹೋಗೋಣ. ನಿಮ್ಮ ನಂಬರನ್ನೂ ಬದಲಾಯಿಸಿಬಿಡೋಣ. ಆಧಾರ್ ಕಾರ್ಡಿನ ಮೂಲಪ್ರತಿಯನ್ನು ತೆಗೆದಿಡಿ.

ದೊಡ್ಡಪ್ಪ, ಮೈಸೂರು: ಮೂಲಪ್ರತಿ ಎಲ್ಲಿದೆ?

ಅತ್ತಿಗೆ: ನಿಮ್ಮ ಬ್ಯಾಂಕಿನ ಹಳೆಯ ಡೈರಿಯೊಳಗೆ, ಮಾವ.