ಓದುಗರ ಸ್ಪಂದನ: ಚೆನ್ನಾಗಿರುವ ಮಗುವಿಗೂ ತಪಾಸಣೆಯೇ?

33ನೆಯ ವಾರಕ್ಕೇ ಹುಟ್ಟಿ, ಈಗ ಮೂರು ವಾರ ತುಂಬಿರುವ ತಮ್ಮ ಮಗುವನ್ನು ಆರೋಗ್ಯ ಕೇಂದ್ರದವರು ‘ಅಪಾಯದ ಪಟ್ಟಿ’ಗೆ ಸೇರಿಸಿ ಪದೇ ಪದೇ ಮನೆಗೆ ಬರುವುದು ತಮ್ಮ ಮೇಲಿನ ಅಪನಂಬಿಕೆಯಂತೆ ಕಾಣುತ್ತಿದೆ, ಬೇಡವೆನ್ನಬಹುದೇ ಎಂದು ಕಳೆದ ವಾರ ಓದುಗರೊಬ್ಬರು ಕೇಳಿದ್ದರು.

ಸಹೋದರಿ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹುಟ್ಟಿದಾಗ ನನ್ನ ಮಗ 1400 ಗ್ರಾಂ ಇದ್ದ. ಮನೆಗೆ ಕಳುಹಿಸುವಾಗ, ನಾಲ್ಕು ವಾರ ತುಂಬುವಷ್ಟರಲ್ಲಿ ಕಣ್ಣಿನ ಪರೀಕ್ಷೆಗೆ ಕರೆತರಬೇಕೆಂದು ಚೀಟಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದರು. ಹಾಲು ಕುಡಿಯುತ್ತಿದ್ದ, ತೂಕ ಏರುತ್ತಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. ಇಂಥ ಮಗುವನ್ನು ಸುಮ್ಮನೆ ಏಕೆ ಅಳಿಸಬೇಕೆಂದು ಮುಂದೂಡುತ್ತ ಹೋದೆವು. ಆರನೆಯ ತಿಂಗಳಲ್ಲಿ ಒಂದು ಸಂಜೆ, ಗಿಲಕಿಯ ಸದ್ದಿಗೆ ತಿರುಗಿದ ಮಗು, ಅದೇ ಗಿಲಕಿಯನ್ನು ಸದ್ದು ಮಾಡದೆ ಮುಖದ ಮುಂದೆ ಹಿಡಿದಾಗ ಕದಲಲೇ ಇಲ್ಲ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದು, ಆರಂಭದಲ್ಲಿ ಅದು ಹೊರಗಿನಿಂದ ಕಾಣುವುದಿಲ್ಲ, ಸಕಾಲದಲ್ಲಿ ಗೊತ್ತಾದರೆ ಲೇಸರ್ ಚಿಕಿತ್ಸೆಯಿಂದ ದೃಷ್ಟಿ ಉಳಿಸುವ ಅವಕಾಶವಿದೆ ಎಂಬುದೆಲ್ಲ ನಮಗೆ ಅರ್ಥವಾದದ್ದು ಆ ಅವಕಾಶ ಕೈತಪ್ಪಿದ ಮೇಲೆ. ನಮ್ಮನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ನಿಮ್ಮ ಮನೆಗೆ ಬರುತ್ತಿದ್ದಾರೆ.
— ಒಬ್ಬ ತಾಯಿ

ಈ ಪತ್ರದಲ್ಲಿ ಒಂದು ಪದವನ್ನೂ ನಾವು ಕಡಿತಗೊಳಿಸಿಲ್ಲ. ಮುಂದಿನದು ಬಂದದ್ದೇ ಇಷ್ಟು.

ತಪಾಸಣೆ ನಡೆಯುತ್ತಿರುವುದು ಮಗುವಿಗೆ, ನಿಮಗಲ್ಲ. ಬಾಗಿಲು ತೆರೆಯಿರಿ.
— ನಿವೃತ್ತ ಶುಶ್ರೂಷಕಿ

ಪತ್ರ ಬರೆದವರ ನೋವನ್ನೂ ಕಡೆಗಣಿಸಬಾರದೆಂದು ಮನೆಭೇಟಿಯ ಕಾರ್ಯಕರ್ತೆಯೊಬ್ಬರು ಬರೆದಿದ್ದಾರೆ.

ತಪ್ಪು ನಮ್ಮದೂ ಇದೆ. ತೂಕ ಹಾಕಿ, ದಾಖಲೆಯಲ್ಲಿ ಬರೆದುಕೊಂಡು ಎದ್ದುಹೋದರೆ ಯಾವ ತಾಯಿಗಾದರೂ ವಿಚಾರಣೆ ಎನಿಸುತ್ತದೆ. ನಾನು ಮಗುವಿನ ಹೊಟ್ಟೆಯ ಏರಿಳಿತವನ್ನು ತಾಯಿಯ ಜೊತೆಗೇ ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ; 60 ದಾಟಿದರೆ ಇಬ್ಬರೂ ಸೇರಿ ಮತ್ತೊಮ್ಮೆ ಎಣಿಸುತ್ತೇವೆ. ಎದೆಗೂಡು ಒಳಕ್ಕೆ ಸೆಳೆಯುವುದು, ಮಗು ಹಾಲು ಬಿಡುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ಅಂಗೈ ಅಂಗಾಲು ಹಳದಿಯಾಗುವುದು ಕಂಡರೆ ನನ್ನ ಮುಂದಿನ ಭೇಟಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೊರಡಬೇಕೆಂದು ಹೇಳುತ್ತೇನೆ. ನಿಮ್ಮಲ್ಲಿಗೆ ಬರುವವರನ್ನೂ ಹೀಗೆ ತೋರಿಸಿಕೊಡಿ ಎಂದು ಕೇಳಿ.

ಕೇಳಿದ ಪ್ರಶ್ನೆಗಿಂತ ತುಸು ಬೇರೆಯಾದರೂ, ಅಜ್ಜಿಯೊಬ್ಬರ ಈ ಮಾತು ಮುಂದೆ ಉಪಯೋಗಕ್ಕೆ ಬರುವಂಥದು.

ನೆರೆಮನೆಯ ಮಗುವಿನೊಂದಿಗೆ ಹೋಲಿಸಿ ಕೊರಗಬೇಡಮ್ಮ. ಕತ್ತು ನಿಲ್ಲುವುದು, ಮಗುಚುವುದು ಇವನ್ನು ನೋಡುವಾಗ ನಿನ್ನ ಕೂಸಿನ ವಯಸ್ಸಿನಲ್ಲಿ ಏಳು ವಾರ ಕಳೆದು ಲೆಕ್ಕ ಹಾಕಬೇಕು. ನನ್ನ ಮೊಮ್ಮಗಳ ವಿಷಯದಲ್ಲಿ ಇದು ತಿಳಿಯದೆ ನಾವು ಬಹಳ ಹೆದರಿದ್ದೆವು.

ಇದು ಪ್ರಕಟವಾಗುವ ಹೊತ್ತಿಗೆ ಆ ಮಗುವಿಗೆ ನಾಲ್ಕು ವಾರ ತುಂಬುತ್ತಿರುತ್ತದೆ. ಕಣ್ಣಿನ ಪರೀಕ್ಷೆಗೆ ದಿನ ಗೊತ್ತಾಗಿದೆಯೇ ಎಂದು ತಾಯಿ ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.
— ಸಂ.