ಬೆಳಕು ಬಾಗುತ್ತದೆಯೋ, ಮುರಿಯುತ್ತದೆಯೋ?

ಎಲ್ಲರಿಗೂ ನಮಸ್ಕಾರ.

ತುಂಬಾ ದಿನದಿಂದ ಇಲ್ಲಿನ ಚರ್ಚೆಗಳನ್ನು ಸುಮ್ನೆ ಓದಿಕೊಂಡಿದ್ದವನು ನಾನು. ಈಗ ಒಂದು ಪದ ಕಾಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಪದ 'ವಕ್ರೀಭವನ', ಇಂಗ್ಲಿಷಿನ ರಿಫ್ರಾಕ್ಷನ್: ಬೆಳಕು ಗಾಳಿಯಿಂದ ನೀರಿಗೋ ಗಾಜಿಗೋ ಓರೆಯಾಗಿ ದಾಟುವಾಗ ದಾರಿ ಬದಲಿಸುವುದು.

ನಾನು ಶಿರಾ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕನ್ನಡ ಮಾಧ್ಯಮ. ಹೋದ ತಿಂಗಳು ಹತ್ತನೇ ಕ್ಲಾಸಿಗೆ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ನೀರಿನ ಲೋಟದಲ್ಲಿ ಓರೆಯಾಗಿ ಇಟ್ಟ ಪೆನ್ಸಿಲ್ ಹೇಗೆ ಕಾಣುತ್ತದೆ, ಯಾಕೆ ಹಾಗೆ ಕಾಣುತ್ತದೆ ಎಂದು ಒಂದು ಪ್ರಶ್ನೆ. ಒಬ್ಬ ಹುಡುಗಿ ಹೀಗೆ ಬರೆದಿದ್ದಳು: 'ಬೆಳಕು ನೀರಿನಿಂದ ಹೊರಗೆ ಬರುವಾಗ ಮುರಿಯುತ್ತದೆ. ಅದಕ್ಕೆ ಪೆನ್ಸಿಲ್ ಮುರಿದ ಹಾಗೆ ಕಾಣುತ್ತದೆ.' ನಾನು 'ಮುರಿಯುತ್ತದೆ' ಎಂಬಲ್ಲಿ ಕೆಂಪು ಗೆರೆ ಎಳೆದೆ. ಮೇಲೆ 'ವಕ್ರೀಭವನ ಹೊಂದುತ್ತದೆ' ಎಂದು ಬರೆದೆ. ಅರ್ಧ ಅಂಕ ಕಳೆದೆ.

ಮುಂದಿನ ಪೇಪರು ಒಬ್ಬ ಹುಡುಗನದು. 'ವಕ್ರೀಭವನ' ಎಂದು ದೀರ್ಘ, ಮಹಾಪ್ರಾಣ ಎಲ್ಲ ಸರಿಯಾಗಿ ಬರೆದಿದ್ದ. ಪೂರ್ತಿ ಅಂಕ ಕೊಟ್ಟೆ. ಆಮೇಲೆ ಕೆಳಗಿದ್ದ ಚಿತ್ರ ಕಣ್ಣಿಗೆ ಬಿತ್ತು. ನೀರಿನೊಳಗೆ ಬೆಳಕಿನ ಕಿರಣ ಬಿಲ್ಲಿನ ಹಾಗೆ, ದುಂಡಗೆ ಬಗ್ಗಿಕೊಂಡು ಹೋಗಿತ್ತು. ಹಿಂದಕ್ಕೆ ಹೋಗಿ ಹುಡುಗಿಯ ಚಿತ್ರ ನೋಡಿದೆ. ಎರಡು ನೇರ ಗೆರೆ, ನೀರಿನ ಮೇಲ್ಮೈಯಲ್ಲಿ ಥಟ್ಟನೆ ಒಂದು ಮೂಲೆ. ತಪ್ಪೇ ಇಲ್ಲ.

ಅಂದರೆ ಪದ ತಪ್ಪು ಬರೆದವಳಿಗೆ ವಿಷಯ ಗೊತ್ತಿತ್ತು. ಪದ ಸರಿ ಬರೆದವನನ್ನು ಆ ಪದವೇ ದಾರಿ ತಪ್ಪಿಸಿತ್ತು. ಉಳಿದ ಪೇಪರುಗಳನ್ನೂ ತಿರುಗಿಸಿ ನೋಡಿದೆ. ಬಿಲ್ಲು ಬರೆದವರು ಇನ್ನೂ ಏಳು ಜನ.

ಮಕ್ಕಳ ತಪ್ಪಲ್ಲ ಇದು. 'ವಕ್ರ' ಅಂದ ಕೂಡಲೇ ಅವರಿಗೆ ಮೊದಲು ನೆನಪಾಗುವುದು ವಕ್ರತುಂಡ, ಗಣಪತಿಯ ಸೊಂಡಿಲು. ಸೊಂಡಿಲಿನಲ್ಲಿ ಮೂಲೆ ಎಲ್ಲಿದೆ? ಗಣಿತಕ್ಕೆ ಹೋದರೆ 'ವಕ್ರರೇಖೆ', ಅದೂ ದುಂಡು. ಇದೇ ಪಾಠದಲ್ಲಿ ನಾಲ್ಕು ಪುಟ ಹಿಂದೆ 'ವಕ್ರತಾ ಕೇಂದ್ರ', 'ವಕ್ರತಾ ತ್ರಿಜ್ಯ' ಕಲಿತಿರುತ್ತಾರೆ. ಅಲ್ಲಿ ವಕ್ರ ಅಂದರೆ ಗೋಳದ ಉಬ್ಬು. ಇಲ್ಲಿ ವಕ್ರ ಅಂದರೆ ಥಟ್ಟನೆ ತಿರುಗಿದ ನೇರ ಗೆರೆ. ಒಂದೇ ಪಾಠದಲ್ಲಿ ಒಂದೇ ಪದಕ್ಕೆ ಎರಡು ಕೆಲಸ.

ಸರಿ, ಸುಲಭವಾಗಿ 'ಬಾಗುತ್ತದೆ' ಅನ್ನೋಣ ಎಂದರೆ ಅದೂ ಅಷ್ಟೇ. ತೆನೆ ಬಾಗುತ್ತದೆ, ಗೊನೆ ಹೊತ್ತ ಬಾಳೆ ಬಾಗುತ್ತದೆ, ವಯಸ್ಸಾದರೆ ಬೆನ್ನು ಬಾಗುತ್ತದೆ. ಎಲ್ಲ ನಿಧಾನವಾಗಿ ಬಗ್ಗುವಂಥವು. ಗಾಜಿಗೆ ಹೋಗುವ ಬೆಳಕು ಹಾಗೆ ಮಾಡುವುದಿಲ್ಲ. ಗಾಳಿಯಲ್ಲಿ ನೆಟ್ಟಗೆ, ಗಾಜಿನಲ್ಲೂ ನೆಟ್ಟಗೆ. ತಿರುಗುವುದು ಎರಡರ ಗಡಿಯಲ್ಲಿ ಮಾತ್ರ.

ಯಾಕೆ ತಿರುಗುತ್ತದೆ ಎಂದು ಹೇಳಲು ನಾನು ಎತ್ತಿನ ಬಂಡಿ ತರುತ್ತೇನೆ. ಗಟ್ಟಿ ರಸ್ತೆಯಿಂದ ಬಂಡಿ ಓರೆಯಾಗಿ ಕೆಸರುಗದ್ದೆಗೆ ಇಳಿಯಿತು ಅನ್ನಿ. ಒಂದು ಚಕ್ರ ಮೊದಲು ಕೆಸರಿಗೆ ಬಿತ್ತು, ನಿಧಾನವಾಯಿತು. ಇನ್ನೊಂದು ಇನ್ನೂ ರಸ್ತೆ ಮೇಲೇ ಓಡುತ್ತಿದೆ. ಬಂಡಿ ನಿಧಾನವಾದ ಚಕ್ರದ ಕಡೆಗೆ ತಿರುಗುತ್ತದೆ. ಎರಡೂ ಚಕ್ರ ಕೆಸರಿಗೆ ಬಂದ ಮೇಲೆ ಮತ್ತೆ ನೆಟ್ಟಗೆ. ನೇರಕ್ಕೆ ಇಳಿದಿದ್ದರೆ ಎರಡೂ ಚಕ್ರ ಒಟ್ಟಿಗೇ ನಿಧಾನವಾಗುತ್ತಿದ್ದವು, ತಿರುವೇ ಇರುತ್ತಿರಲಿಲ್ಲ. ಇಲ್ಲಿ ಒಬ್ಬ ಕೇಳಿದ: 'ಸಾರ್, ಸೊಟ್ಟ ಆಗದಿದ್ರೂ ವಕ್ರೀಭವನ ಅಂತಾರಾ?' ಪದ ಮತ್ತೆ ಕೈ ಕೊಟ್ಟಿತು, ಅಲ್ವಾ?

ಬೆಳಕು ಖಾಲಿ ಜಾಗದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ನೀರಿನಲ್ಲಿ ಸುಮಾರು 2.25 ಲಕ್ಷ, ಮಾಮೂಲಿ ಗಾಜಿನಲ್ಲಿ ಸುಮಾರು 2 ಲಕ್ಷ, ವಜ್ರದಲ್ಲಿ 1.24 ಲಕ್ಷ. 3ನ್ನು 2.25ರಿಂದ ಭಾಗಿಸಿ, 1.33 ಬರುತ್ತದೆ. ಅದೇ ನೀರಿನ 'ವಕ್ರೀಭವನ ಸೂಚ್ಯಂಕ'. ಎಷ್ಟು ಪಟ್ಟು ನಿಧಾನ ಎಂಬ ಲೆಕ್ಕ ಅಷ್ಟೇ, ಅದರೊಳಗೆ ಸೊಟ್ಟತನ ನೇರವಾಗಿ ಇಲ್ಲವೇ ಇಲ್ಲ. ಹೆಸರು ಕೇಳಿದರೆ ಮಾತ್ರ ಷೇರುಪೇಟೆ ಸುದ್ದಿ ಓದಿದ ಹಾಗೆ ಇರುತ್ತದೆ.

ಮತ್ತೆ 'ಮುರಿ'ಗೆ ಬರುತ್ತೇನೆ. ಇಂಗ್ಲಿಷಿನ ರಿಫ್ರಾಕ್ಷನ್ ಹಿಂದೆ ಇರುವ ಲ್ಯಾಟಿನ್ ಧಾತುವಿಗೆ ಅರ್ಥ 'ಮುರಿ' ಎಂದೇ. ಮೂಳೆ ಮುರಿದರೆ ಡಾಕ್ಟರು ಫ್ರಾಕ್ಚರ್ ಅನ್ನುತ್ತಾರಲ್ಲ, ಅದೇ ಬೇರು. ಭಿನ್ನರಾಶಿಯ ಫ್ರಾಕ್ಷನ್ ಕೂಡ ಅಲ್ಲಿಂದಲೇ ಬಂದದ್ದು. ಜರ್ಮನರು ಬ್ರೆಹುಂಗ್ ಅನ್ನುತ್ತಾರೆ, ಅದೂ ಮುರಿಯುವುದೇ. ಅಕ್ಕಪಕ್ಕ ನೋಡಿದರೆ ತೆಲುಗಿನವರದು ನಮ್ಮದೇ 'ವಕ್ರೀಭವನಂ'. ತಮಿಳಿನಲ್ಲಿ 'ಒಳಿವಿಲಗಲ್', ಬೆಳಕು ದಾರಿಯಿಂದ ಸರಿಯುವುದು ಎಂಬರ್ಥ. ಹಿಂದಿ, ಮರಾಠಿ, ಮಲಯಾಳದಲ್ಲಿ 'ಅಪವರ್ತನ'. ಅದನ್ನು ನಾವು ಎರವಲು ತರುವ ಹಾಗಿಲ್ಲ. ನಮ್ಮ ಗಣಿತ ಪುಸ್ತಕದಲ್ಲಿ ಅಪವರ್ತನ ಆಗಲೇ ಬೇರೆ ಕೆಲಸಕ್ಕೆ ಸೇರಿದೆ, ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಕಂಡುಹಿಡಿಯಲು.

ನನಗೆ ಖುಷಿ ಕೊಟ್ಟದ್ದು ನಮ್ಮ ಹಳಗನ್ನಡ. ಅಲ್ಲಿ ಇವು ಎರಡು ಪದ. ಈಗಿನ ರಕಾರದ 'ಮುರಿ' ಅಂದರೆ ಬಾಗು, ತಿರುಗು, ಹೊರಳು. ಱ ಎಂಬ ಹಳೆಯ ಅಕ್ಷರ ಇರುವ 'ಮುಱಿ' ಅಂದರೆ ತುಂಡಾಗು. ಱ ಬಳಕೆ ತಪ್ಪಿದ ಮೇಲೆ ಎರಡೂ ಬೆರೆತು ಒಂದಾದವು. 'ಮುಖ ಮುರಿದ ಹಾಗೆ ಮಾತಾಡಿದ' ಅನ್ನುವಾಗ ಯಾವ 'ಮುರಿ' ಇದೆ ಎಂದು ಈಗ ಯಾರೂ ಯೋಚಿಸುವುದಿಲ್ಲ. ಆ ಹುಡುಗಿ ಬರೆದ ಒಂದೇ ಪದದಲ್ಲಿ ತಿರುಗುವುದೂ ಇತ್ತು, ಮೂಲೆಯೂ ಇತ್ತು. (ಱ ಅಕ್ಷರಕ್ಕೆ ಶಕಟರೇಫ ಎಂದು ಹೆಸರು. ಶಕಟ ಅಂದರೆ ಬಂಡಿ. ನನ್ನ ಎತ್ತಿನ ಬಂಡಿ ಇಲ್ಲೂ ಬಂತು ನೋಡಿ!)

ಹಾಗಾದರೆ 'ಮುರಿ' ಎಂದೇ ಹೇಳಿಕೊಡೋಣ ಎಂದರೆ ನಮ್ಮ ಶಾಲೆಯ ಕನ್ನಡ ಮೇಡಂ ಒಪ್ಪಲಿಲ್ಲ. ಅವರ ತಕರಾರು ಗಟ್ಟಿಯಾಗಿಯೇ ಇದೆ. 'ಮುರಿದರೆ ಎರಡು ತುಂಡು ಆಗಬೇಕಲ್ಲ ಸಾರ್? ಮುಂದಿನ ಪಾಠದಲ್ಲಿ ಪಟ್ಟಕದಿಂದ (ಪ್ರಿಸಂ) ಬಿಳಿ ಬೆಳಕು ಏಳು ಬಣ್ಣವಾಗಿ ಒಡೆಯುತ್ತದೆ. ಅದಕ್ಕೆ ವರ್ಣವಿಭಜನೆ ಅಂತೀರಿ. ಆಗ ಮಕ್ಕಳು ಮುರಿಯುವುದನ್ನೂ ಒಡೆಯುವುದನ್ನೂ ಬೆರೆಸಿಕೊಳ್ಳುವುದಿಲ್ಲವಾ?' ನಿಜ. ಅವರು 'ಹೊರಳು' ಎಂದು ಸೂಚಿಸಿದರು. ಅವರ ಊರು ಗದಗ. ಅಲ್ಲಿ ದಾರಿ ಕೇಳಿದರೆ 'ಎಡಕ್ಕ ಹೊಳ್ಳ್ರಿ' ಅನ್ನುತ್ತಾರೆ. ನಮ್ಮ ಮಕ್ಕಳಿಗೆ ಹೊರಳು ಅಂದರೆ ಎಮ್ಮೆ ಕೆಸರಿನಲ್ಲಿ ಮಾಡುವ ಕೆಲಸ. ನನ್ನ ಬಂಡಿಯ ಉದಾಹರಣೆಯಲ್ಲಿ ಆಗಲೇ ಕೆಸರು ಇದೆ, ಎಮ್ಮೆಯೂ ಬಂದರೆ ಕ್ಲಾಸು ಮುಗಿದ ಹಾಗೆ.

ಹಾಗಂತ 'ಬಾಗು' ಪದವನ್ನು ಎಸೆಯಬೇಕಿಲ್ಲ. ಅದಕ್ಕೂ ಸರಿಯಾದ ಜಾಗ ಇದೆ. ಬೇಸಿಗೆಯಲ್ಲಿ ಹಿರಿಯೂರು ಕಡೆ ಹೈವೇಯಲ್ಲಿ ಹೋಗುವಾಗ ದೂರದ ಟಾರಿನ ಮೇಲೆ ನೀರು ನಿಂತ ಹಾಗೆ ಕಾಣುತ್ತದಲ್ಲ, ಅದು. ಪುಸ್ತಕದ 'ಮರೀಚಿಕೆ' ಅಂದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಬಿಸಿಲ್ಗುದುರೆ ಅಂದರೆ 'ಓ, ಅದಾ!' ಅನ್ನುತ್ತಾರೆ. ಅಲ್ಲಿ ಗಡಿ ಎಂಬುದೇ ಇಲ್ಲ. ಟಾರಿನ ಹತ್ತಿರದ ಗಾಳಿ ತುಂಬಾ ಬಿಸಿ, ಮೇಲೆ ಹೋದಂತೆ ಸ್ವಲ್ಪ ಸ್ವಲ್ಪವೇ ತಂಪು. ಆಕಾಶದಿಂದ ಓರೆಯಾಗಿ ಇಳಿದ ಬೆಳಕು ಪದರ ಪದರ ದಾಟುತ್ತಾ ನಿಧಾನವಾಗಿ ಬಗ್ಗಿ, ಮೇಲೆದ್ದು ಕಣ್ಣಿಗೆ ಬರುತ್ತದೆ. ನಮಗೆ ಆಕಾಶವೇ ರಸ್ತೆ ಮೇಲೆ ಬಿದ್ದ ಹಾಗೆ ಕಾಣುತ್ತದೆ. ಗಾಳಿಯ ಸೂಚ್ಯಂಕ ಬರೀ 1.0003, ಬಿಸಿಗೂ ತಂಪಿಗೂ ವ್ಯತ್ಯಾಸ ಇನ್ನೂ ಚಿಕ್ಕದು. ಅದಕ್ಕೇ ದೂರದಲ್ಲಿ ಮಾತ್ರ ಕಾಣುತ್ತದೆ, ಹತ್ತಿರ ಹೋದರೆ ಮಾಯ. ಆ ಹುಡುಗ ಬರೆದಿದ್ದ ಬಿಲ್ಲನ್ನು ಇಲ್ಲಿ ಬರೆದಿದ್ದರೆ ನೂರಕ್ಕೆ ನೂರು ಸರಿ. ನೀರಿಗೂ ಗಾಜಿಗೂ 'ಮುರಿ', ಬಿಸಿಲ್ಗುದುರೆಗೆ 'ಬಾಗು'. ನನಗೆ ಇದು ಚೆನ್ನಾಗಿ ಕೂರುತ್ತದೆ ಅನ್ನಿಸುತ್ತದೆ.

ಇನ್ನೊಂದು ಪದವೂ ಹೀಗೇ ತೊಂದರೆ ಕೊಡುತ್ತದೆ. 'ಸಾಂದ್ರ ಮಾಧ್ಯಮ, ವಿರಳ ಮಾಧ್ಯಮ'. ಬೆಳಕಿನ ಪಾಠದಲ್ಲಿ ಬೆಳಕು ನಿಧಾನವಾಗಿ ಹೋಗುವುದು ಸಾಂದ್ರ, ಬೇಗ ಹೋಗುವುದು ವಿರಳ. ಸಾಂದ್ರ ಅಂದರೆ ಭಾರ ಎಂದು ಮಕ್ಕಳು ಮೊದಲೇ ಕಲಿತಿರುತ್ತಾರೆ. ಲೋಟದಲ್ಲಿ ನೀರು ಹಾಕಿ ಮೇಲೆ ಕೊಬ್ಬರಿ ಎಣ್ಣೆ ಸುರಿದೆ. ಎಣ್ಣೆ ತೇಲಿತು. 'ಯಾವುದು ಸಾಂದ್ರ?' ಎಲ್ಲರೂ ಒಟ್ಟಿಗೆ 'ನೀರು' ಎಂದರು. ಬೆಳಕನ್ನು ಕೇಳಿದರೆ ಎಣ್ಣೆ ಅನ್ನುತ್ತದೆ. ನೀರಿಗೆ 1.33, ಕೊಬ್ಬರಿ ಎಣ್ಣೆಗೆ ಸುಮಾರು 1.45. ಹಿಂದಿನ ಬೆಂಚಿನ ಹುಡುಗ ಪರಿಹಾರ ಕೊಟ್ಟ: 'ಎಣ್ಣೆ ಹಗುರ, ಆದ್ರೆ ಬೆಳಕಿಗೆ ಕೆಸರು ಜಾಸ್ತಿ.' ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಮೆಡಿಕಲ್ ಶಾಪಿನಿಂದ ಗ್ಲಿಸರಿನ್ ತಂದು ಒಂದು ಆಟವನ್ನೂ ತೋರಿಸಿದೆ. ಬೀಕರಿಗೆ ಗ್ಲಿಸರಿನ್ ಹಾಕಿ, ಲ್ಯಾಬಿನ ಬೋರೋಸಿಲಿಕೇಟ್ ಗಾಜಿನ ಪ್ರನಾಳದೊಳಗೂ (ಟೆಸ್ಟ್ ಟ್ಯೂಬ್) ಅದನ್ನೇ ತುಂಬಿ ಮುಳುಗಿಸಿದೆ. ಮುಳುಗಿದಷ್ಟು ಭಾಗ ಕಣ್ಣೆದುರೇ ಇಲ್ಲವಾಯಿತು. ಅಂಚು ಮಾತ್ರ ಮೇಲೆ ತೇಲುವ ಬಳೆಯ ಹಾಗೆ ಉಳಿಯಿತು. ಎರಡರ ಸೂಚ್ಯಂಕವೂ ಸುಮಾರು 1.47. ಬೆಳಕಿಗೆ ಅಲ್ಲಿ ಗಡಿಯೇ ಇಲ್ಲ, ಮುರಿಯಲು ಜಾಗವಿಲ್ಲ. 'ಮುರಿದ್ರೇನೇ ಕಾಣೋದು' ಎಂದಳು ಅದೇ ಹುಡುಗಿ. ಅವಳಿಗೆ ಅರ್ಧ ಅಂಕ ವಾಪಸ್ ಕೊಟ್ಟದ್ದು ಅವತ್ತೇ.

ಲೆನ್ಸಿಗೆ ಪುಸ್ತಕದಲ್ಲಿ ಹೇಳುವ 'ಮಸೂರ'ದ ಬಗ್ಗೆ ಮಾತ್ರ ನನಗೆ ಜಗಳವಿಲ್ಲ, ಪ್ರೀತಿ ಇದೆ. ಲ್ಯಾಟಿನ್‌ನಲ್ಲಿ ಲೆನ್ಸ್ ಅಂದರೆ ಮಸೂರ ಕಾಳು, ನಮ್ಮ ಕಡೆಯ ಚನ್ನಂಗಿ. ಅರ್ಥವನ್ನೇ ಹಿಡಿದು ತಂದಿದ್ದಾರೆ. ಇಡೀ ಕಾಳನ್ನು ಅಂಗೈಲಿ ಇಟ್ಟುಕೊಂಡರೆ ಎರಡೂ ಕಡೆ ಉಬ್ಬು, ಅಂಚು ತೆಳು. ಒಡೆದ ಬೇಳೆ ಒಂದು ಕಡೆ ಚಪ್ಪಟೆ, ಅದಕ್ಕೂ ಅಂಥದ್ದೇ ಗಾಜು ಇದೆ. ಆದರೆ 'ನಿಮ್ನ ಮಸೂರ' ಎಂದಾಗ ಮಾತ್ರ ನಗು ಬರುತ್ತದೆ. ಎರಡೂ ಕಡೆ ತಗ್ಗು ಬಿದ್ದ ಚನ್ನಂಗಿ ಕಾಳನ್ನು ಯಾರಾದರೂ ನೋಡಿದ್ದೀರಾ? ಪೀನ, ನಿಮ್ನ ಎಂಬ ಜೋಡಿಯನ್ನು ಮಕ್ಕಳು ಬರೀ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಅದಲುಬದಲು ಮಾಡುತ್ತಾರೆ. 'ಉಬ್ಬು, ತಗ್ಗು' ಅಂದರೆ ಯಾರೂ ತಪ್ಪುವುದಿಲ್ಲ. ಊರ ಮುಂದಿನ ಬೋರ್ಡಿನಲ್ಲೇ 'ರಸ್ತೆ ಉಬ್ಬು' ಎಂದಿದೆಯಲ್ಲ.

ಇನ್ನು 'ದೂರದೃಷ್ಟಿ'. ಪುಸ್ತಕದಲ್ಲಿ ಅದು ಕಣ್ಣಿನ ದೋಷ: ದೂರದ್ದು ಕಾಣುತ್ತದೆ, ಹತ್ತಿರದ್ದು ಮಸುಕು. ಪೇಪರಿನಲ್ಲಿ ಅದು ನಾಯಕರ ಗುಣ. 'ದೂರದೃಷ್ಟಿಯ ನಾಯಕನಿಗೆ ಪೀನ ಮಸೂರದ ಕನ್ನಡಕ ಬೇಕು' ಎಂದು ಕ್ಲಾಸಿನಲ್ಲಿ ಒಬ್ಬ ಹೇಳಿಯೇಬಿಟ್ಟ. ನಾನು ನಗದೆ ಇರಲು ಕಷ್ಟಪಟ್ಟೆ. ನಲವತ್ತು ದಾಟಿದವರಿಗೆ ಹತ್ತಿರದ್ದು ಕಾಣದಿದ್ದರೆ 'ಚಾಳೀಸು ಬಂತು' ಅನ್ನುವ ಮಾತು ಎಷ್ಟು ಚೆನ್ನಾಗಿದೆ. ಅಂಥದ್ದೊಂದು ಇದಕ್ಕೂ ಬೇಕಿತ್ತು.

ಬೋರ್ಡ್ ಪರೀಕ್ಷೆಗೆ ಮಕ್ಕಳು 'ವಕ್ರೀಭವನ' ಎಂದೇ ಬರೆಯಬೇಕು, ಅದನ್ನು ಬಿಡಿಸುವ ಯೋಚನೆ ನನಗಿಲ್ಲ. ಎಂಟನೇ, ಒಂಬತ್ತನೇ ಕ್ಲಾಸಿನಲ್ಲಿ ಮೊದಲ ಸಲ ಹೇಳುವಾಗ ಪಕ್ಕದಲ್ಲಿ ಇಡಲು ಒಂದು ಪದ ಬೇಕು. ನೆಟ್ಟಗೆ ಹೋಗುತ್ತಿದ್ದ ಕಾಲುದಾರಿ ಬದುವಿನ ಹತ್ತಿರ ಥಟ್ಟನೆ ಬೇರೆ ಕಡೆಗೆ ತಿರುಗಿದರೆ ನಿಮ್ಮ ಕಡೆ ಏನನ್ನುತ್ತೀರಿ? ಕರಾವಳಿ, ಮಲೆನಾಡು, ಬೀದರ್, ಕೊಳ್ಳೇಗಾಲ, ಎಲ್ಲ ಕಡೆಯವರೂ ಹೇಳಿ. 'ಮುರಿ'ಯನ್ನು ತಿರುಗು ಎಂಬ ಅರ್ಥದಲ್ಲಿ ಈಗಲೂ ಆಡುವವರು ಇದ್ದರೆ ಅವರು ಹೇಗೆ ಆಡುತ್ತಾರೋ ಹಾಗೆಯೇ, ಇಡೀ ವಾಕ್ಯ ಬರೆದು ಕಳಿಸಿ.

ಮುಂದಿನ ಶನಿವಾರ ವಿಜ್ಞಾನ ಕೋಣೆಗೆ ಚಾರ್ಟು ಬರೆಯಬೇಕು. 'ವಕ್ರೀಭವನ' ಎಂದು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಅದರ ಕೆಳಗೆ 'ಮುರಿವು' ಎಂದು ಸದ್ಯಕ್ಕೆ ಪೆನ್ಸಿಲಿನಲ್ಲಿದೆ.