ಕುಟುಂಬದ ಗುಂಪಿನಲ್ಲಿ ಉಗಾಂಡದ ವಿಡಿಯೊ

ದೊಡ್ಡಪ್ಪ: (ಫಾರ್ವರ್ಡ್ ಆದ ವಿಡಿಯೊ) ಉಗಾಂಡದ ಹಳ್ಳಿಯಂತೆ. ಬೆಳಿಗ್ಗೆ ಹತ್ತಕ್ಕೇ ಗಂಡಸರೆಲ್ಲ ಟೈಟು. ಇಂಥೋರು ಉದ್ಧಾರ ಆಗೋದುಂಟಾ?

ಕಂಪಾಲಾ ಭಾವ: ನಾಲ್ಕು ಜನರನ್ನ ತೋರಿಸಿ ಊರೇ ಕುಡುಕರದ್ದು ಅಂದ್ಬಿಟ್ರಾ? ಆಫ್ರಿಕಾದಲ್ಲಿ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೆಂಡ ಮುಟ್ಟೋದೇ ಇಲ್ಲ. ಮುಟ್ಟೋರು ವಿಪರೀತ ಕುಡೀತಾರೆ, ಅದು ನಿಜ.

ಮಾವ: ಯಾಕೆ ವಿಪರೀತ? ಯಾರಾದ್ರೂ ಬಾಯಿಗೆ ಹುಯ್ದ್ರಾ?

ಕಂಪಾಲಾ ಭಾವ: ಕೆಲವು ಕಡೆ ಹುಯ್ದಿದ್ದೇ. ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಒಂದು ಪಾಲು ವೈನ್. 'ಡಾಪ್' ಅಂತಾರೆ. ಕೆಲಸದ ನಡುವೆ ದಿನಕ್ಕೆ ಹಲವು ಸಲ ಅಳೆದು ಕೊಡೋರು. 1960ರ ದಶಕದಲ್ಲಿ ನಿಷೇಧ ಆದ್ರೂ 90ರ ದಶಕದ ತನಕ ಅಲ್ಲಲ್ಲಿ ನಡೀತು. ತಾಯಿ ಹೊಟ್ಟೆಯಲ್ಲಿರುವಾಗಲೇ ಮದ್ಯದಿಂದ ಮೆದುಳಿಗೆ ಪೆಟ್ಟು ತಿಂದ ಮಕ್ಕಳು ಜಗತ್ತಲ್ಲೇ ಅತಿ ಹೆಚ್ಚು ಇರೋ ಸೀಮೆಗಳಲ್ಲಿ ಅದೂ ಒಂದು.

ಅಕ್ಕ: ಅಯ್ಯೋ ದೇವರೇ

ಮಾವ: ಸರಿ, ಅದು ಬಿಳಿಯರ ತೋಟ. ಉಗಾಂಡದಲ್ಲಿ ಯಾವ ಧಣಿ?

ಕಂಪಾಲಾ ಭಾವ: ಇಲ್ಲಿಯ ಕಥೆ ಬೇರೆ. ಉಗಾಂಡದ ಪೂರ್ವಕ್ಕಿರೋ ಟೆಸೊ ಸೀಮೆ ಕಡೆ ರಾಗಿಯಿಂದ 'ಅಜೊನ್' ಅನ್ನೋ ಹೆಂಡ ಮಾಡ್ತಾರೆ (ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾನೇ!). ತಯಾರಾಗೋಕೆ ದಿನಗಟ್ಟಲೆ ಬೇಕು. ಮಡಕೆ ಸುತ್ತ ಕೂತು ಉದ್ದ ಕೊಳವೆಯಲ್ಲಿ ಹೀರ್ತಾರೆ, ಒಬ್ಬನೇ ಮೂಲೇಲಿ ಕೂತು ಕುಡಿಯೋ ಸರಕಲ್ಲ. ವರಗಿ ಅನ್ನೋ ಕಟು ಮದ್ಯ ಸ್ಯಾಶೆಯಲ್ಲಿ ಬಂದ ಮೇಲೆ ಅದು ಜೇಬಿಗಿಳೀತು, ಶಾಲೆ ಮಕ್ಕಳ ಕೈಗೂ ಸಿಕ್ತು. 2019ರಲ್ಲಿ ಸ್ಯಾಶೆ ನಿಲ್ಲಿಸಿದ್ರು. ಮನೆ ಭಟ್ಟಿ ನಿಂತಿಲ್ಲ. ಇಳಿಸೋರು ಹೆಚ್ಚಾಗಿ ಹೆಂಗಸರು, ಮಕ್ಕಳ ಫೀಸಿಗೆ. ಬಾಳೆಹಣ್ಣು ಪೇಟೆ ಸೇರೋದ್ರೊಳಗೆ ಕೊಳೆಯುತ್ತೆ, ಅದರಿಂದ ಇಳಿಸಿದ ಮದ್ಯ ಕೊಳೆಯಲ್ಲ.

ದೊಡ್ಡಪ್ಪ: ಹಂಗಂತ ಕುಡಿಯೋನದ್ದು ಏನೂ ತಪ್ಪಿಲ್ವಾ? ದುಡಿಮೆ ಇಲ್ಲ, ಅದಕ್ಕೇ ಕುಡಿತ.

ಕಂಪಾಲಾ ಭಾವ: ತಪ್ಪಿದೆ. ಆದ್ರೆ 'ದುಡಿಮೆ ಇಲ್ಲ' ಅಂದ್ರಲ್ಲ, ಅದು ಅವನ ಸೋಮಾರಿತನವೋ, ಅಪ್ಪನ ಜಮೀನು ಐದು ಪಾಲಾಗಿ ಉಳಿದ ತುಂಡೋ?

ಅತ್ತೆ: ನಮ್ಮಲ್ಲೂ 2007ರಲ್ಲಿ ಸಾರಾಯಿ ಪ್ಯಾಕೆಟ್ ನಿಲ್ಸಿದ್ರು. ಈಗ ಟೆಟ್ರಾ ಪ್ಯಾಕ್ ವಿಸ್ಕಿ ಇದೆ. 2019ರಲ್ಲಿ ಮದ್ಯ ಬೇಡ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ಹೆಂಗಸರು ನಡಕೊಂಡು ಬಂದ್ರಲ್ಲ, ಉಗಾಂಡದ ವಿಡಿಯೊ ಹಾಕಿದ ನೀವು ಆ ವಿಡಿಯೊ ಹಾಕ್ಲೇ ಇಲ್ಲ.

ದೊಡ್ಡಪ್ಪ: ಅದು ಸರ್ಕಾರದ ಆದಾಯದ ಪ್ರಶ್ನೆ. ಬೇರೆ ವಿಷಯ.

ಕಂಪಾಲಾ ಭಾವ: ಹೆಂಗೆ ಬೇರೆ? ಉಗಾಂಡದಲ್ಲೂ 1965ರಲ್ಲಿ ಹಳ್ಳಿ ಭಟ್ಟಿಗೆ ಲೈಸೆನ್ಸ್ ಕಡ್ಡಾಯ ಮಾಡಿದ್ರು. ಕುಡಿತ ಕಮ್ಮಿ ಆಗ್ಲಿಲ್ಲ, ತೆರಿಗೆ ಕಟ್ಟಿದ ಬಾಟಲಿ ಸಕ್ರಮ ಆಯ್ತು ಅಷ್ಟೇ.